ಬರುವಾಗಿನ ಅಳತೆ

ಊರಿಗೆ ಹೋಗಲು ಒಂದು ಚೀಲ ಹೊಲಿದು ಕೊಡಿ ಎಂದು ಯಾರಾದರೂ ಕೇಳಿದರೆ, ಏನೇನು ತುಂಬಿಕೊಂಡು ಹೋಗುತ್ತೀರಿ ಎಂದು ನಾನು ವಿಚಾರಿಸುವುದಿಲ್ಲ. ಬರುವಾಗ ಏನು ತರುತ್ತೀರಿ ಎಂದು ಕೇಳುತ್ತೇನೆ. ಹೋಗುವಾಗ ಎಲ್ಲರ ಸಾಮಾನೂ ಹೆಚ್ಚುಕಡಿಮೆ ಒಂದೇ. ನಾಲ್ಕು ಜೊತೆ ಬಟ್ಟೆ, ಟವೆಲ್ಲು, ಮಾತ್ರೆ ಡಬ್ಬಿ, ಫೋನಿನ ಚಾರ್ಜರು. ಬಟ್ಟೆ ಎಂಥ ಚೀಲಕ್ಕೂ ಒಗ್ಗಿಕೊಳ್ಳುತ್ತದೆ. ಬರುವಾಗಿನ ಸಾಮಾನು ಹಾಗಲ್ಲ, ಒಂದೊಂದು ಊರಿನದಕ್ಕೆ ಒಂದೊಂದು ಹಟ. ಮಂಡ್ಯದ ಕಡೆಯಿಂದ ಬೆಲ್ಲದ ಅಚ್ಚು ಬರುತ್ತದೆ: ಜಾಗ ಕಡಿಮೆ, ಭಾರ ಜಾಸ್ತಿ, ಹಿಡಿಕೆ ಕಿತ್ತು ಬರಬಾರದು. ವಿಜಯಪುರದ ಕಡೆಯಿಂದ ಖಡಕ್ ಜೋಳದ ರೊಟ್ಟಿ: ಭಾರವೇ ಇಲ್ಲ, ಆದರೆ ತಳ ಅಗಲವಾಗಿರಬೇಕು, ಪಕ್ಕದಿಂದ ಏನೂ ಒತ್ತಬಾರದು. ನಮ್ಮ ಸಾಗರದ ಕಡೆಯದು ಉಪ್ಪಿನಕಾಯಿ. ಬೆಂಗಳೂರು ಮುಟ್ಟುವ ತನಕ ಅದು ನಿಂತೇ ಇರಬೇಕು.

ಯಡಿಯೂರಿನಲ್ಲಿ ನನ್ನ ಪ್ರಶ್ನೆಗೆ ಉತ್ತರ ಕೊಡುವವರಿಗೆ ಬರವಿಲ್ಲ. ಬೆಳಗ್ಗೆ ಕೆರೆಯ ಸುತ್ತ ನಡೆಯುವವರನ್ನು ಮಾತಾಡಿಸಿದರೆ ಸಾಕು. ಜಯನಗರ ಆರನೇ ಬ್ಲಾಕಿನವರು, ಬನಶಂಕರಿ ಎರಡನೇ ಹಂತದವರು, ಕನಕಪುರ ರಸ್ತೆಯ ಆಚೀಚಿನವರು ಎಲ್ಲ ಬಂದು ಸೇರುತ್ತಾರೆ. ಬಹಳ ಮಂದಿ ‘ನಮ್ಮೂರು’ ಎಂದಾಗ ಕೈ ತೋರಿಸುವುದು ಊರಾಚೆಗೆ. ನಲವತ್ತು ವರ್ಷದಿಂದ ಇಲ್ಲೇ ಇರುವವರೂ ಹಾಗೇ. "ಅಕ್ಕಾ, ಐದು ಲೀಟರಿನ ಕ್ಯಾನು ಹಿಡಿಯೋ ಹಾಗಿರಲಿ, ತಮ್ಮ ಗಾಣದ ಕೊಬ್ಬರಿ ಎಣ್ಣೆ ಕೊಡ್ತಾನೆ" ಎಂದು ತಿಪಟೂರಿನ ಕಡೆಯವರೊಬ್ಬರು ಹೇಳಿದಾಗ ನನಗೆ ಅವರ ತಮ್ಮ, ಆ ಗಾಣ, ಮನೆಯ ಹಿಂದಿನ ತೋಟ ಎಲ್ಲ ಒಂದು ಅಳತೆಯಾಗಿ ಕೈಗೆ ಸಿಕ್ಕ ಹಾಗಾಯಿತು. ಅಮೆರಿಕದಿಂದ ಮಕ್ಕಳು ಬಂದು ಹೋಗುವ ಮನೆಗಳದ್ದು ಇನ್ನೊಂದು ಬಗೆ. ಅವರಿಗೆ ಮಡಚಿ ಸೂಟ್‌ಕೇಸಿನ ತಳದಲ್ಲಿ ಇಟ್ಟು ಒಯ್ಯುವ ಚೀಲ ಬೇಕು. ಪೆಟ್ಟಿಗೆಗೆ 23 ಕೆಜಿ ಎಂದು ತೂಗಿ ಬಿಡುವವರ ಲೆಕ್ಕದಲ್ಲಿ ಚೀಲದ ತೂಕವೇ ಇರಬಾರದು.

ಹೊಲಿಗೆಗೆ ಬೇಕಾದ್ದನ್ನು ತರಲು ನಾನು ಹೋಗುವುದು ಚಿಕ್ಕಪೇಟೆಗೆ. 2017ರಲ್ಲಿ ಹಸಿರು ಮಾರ್ಗದ ಮೆಟ್ರೊ ಈ ಕಡೆ ಬಂದ ಮೇಲೆ ಅದು ಪಕ್ಕದ ಬೀದಿಯಷ್ಟು ಹತ್ತಿರವಾಯಿತು. ಜಯನಗರ ನಿಲ್ದಾಣದಲ್ಲಿ ಹತ್ತಿದರೆ ಸೌತ್ ಎಂಡ್ ಸರ್ಕಲ್, ಲಾಲ್‌ಬಾಗು, ನ್ಯಾಷನಲ್ ಕಾಲೇಜು, ಮಾರ್ಕೆಟ್ಟು, ಅದರ ಮುಂದಿನದೇ ಚಿಕ್ಕಪೇಟೆ. ಮೇಲೆ ಬಂದು ಗಲ್ಲಿ ಹೊಕ್ಕರೆ ಜಿಪ್ಪು ಮೀಟರ್ ಲೆಕ್ಕದಲ್ಲಿ ಸುರುಳಿಯಿಂದ ಬಿಚ್ಚಿ ಕೊಡುತ್ತಾರೆ, ರನ್ನರು ಬೇರೆ. ಜಿಪ್ಪಿನ ನಂಬರು ಕೇಳಿ ತೆಗೆದುಕೊಳ್ಳಬೇಕು: ಮುಚ್ಚಿದಾಗ ಹಲ್ಲಿನ ಸಾಲು ಸುಮಾರು ಎಷ್ಟು ಮಿಲಿಮೀಟರ್ ಅಗಲವೋ ಅದೇ ನಂಬರು. ಪರ್ಸಿಗೆ ಮೂರು, ಕೈಚೀಲಕ್ಕೆ ಐದು, ಊರಿನ ಚೀಲಕ್ಕೆ ಎಂಟಕ್ಕಿಂತ ಕಡಿಮೆ ಕೂಡದು. ಅಂಗಡಿಯ ಹುಡುಗರು ಇದೇ ಸಾಕು ಆಂಟಿ ಎಂದು ಐದನ್ನು ಕೊಡಲು ನೋಡುತ್ತಾರೆ. ತುಂಬಿದ ಚೀಲವನ್ನು ಮಂಡಿಯಲ್ಲಿ ಒತ್ತಿ ಹಿಡಿದು ಜಿಪ್ಪು ಎಳೆಯುವವರನ್ನು ಅವರು ನೋಡಿರುವುದಿಲ್ಲ.

ಕ್ಯಾನ್ವಾಸನ್ನು ತಂದ ದಿನವೇ ಕತ್ತರಿಸಬಾರದು. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಹೊರಗಿನ ಬಟ್ಟೆ ಕುಗ್ಗುತ್ತದೆ, ಒಳಗಿನ ಲೈನಿಂಗು ಇದ್ದಷ್ಟೇ ಇರುತ್ತದೆ, ಚೀಲಕ್ಕೆ ಸುಕ್ಕು ಬೀಳುತ್ತದೆ. ಸೂಜಿ ಹದಿನೆಂಟು ನಂಬರಿನದು. ದಾರ ಪಾಲಿಯೆಸ್ಟರಿನದು, ಹತ್ತಿ ದಾರ ಮಲೆನಾಡಿನ ಮಳೆಗಾಲ ತಡೆಯುವುದಿಲ್ಲ. ನನ್ನದು ಕಾಲಲ್ಲಿ ತುಳಿಯುವ ಹಳೆಯ ಉಷಾ ಮೆಷಿನ್ನು. ಕ್ಯಾನ್ವಾಸು ನಾಲ್ಕು ಪದರ ಕೂಡಿದ ಜಾಗದಲ್ಲಿ ತುಳಿಯುವುದು ನಿಲ್ಲಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ಸೂಜಿ ಒಂದೊಂದೇ ಸಲ ಇಳಿದು ಏಳುತ್ತದೆ. ಮೋಟಾರಿನ ಮೆಷಿನ್ನು ಅಲ್ಲಿ ಸೂಜಿ ಮುರಿಯುತ್ತದೆ, ಇದು ಮುರಿಯುವುದಿಲ್ಲ.

ಇಡೀ ಚೀಲದಲ್ಲಿ ನನಗೆ ಅತ್ಯಂತ ಪ್ರೀತಿಯ ಕೆಲಸ ತಳ ಮಾಡುವುದು. ಎರಡು ಬದಿಯನ್ನೂ ತಳವನ್ನೂ ಹೊಲಿದು ಮುಗಿಸಿದಾಗ ಅದು ಇನ್ನೂ ದಿಂಬಿನ ಗವುಸು, ಚೀಲವಲ್ಲ. ಒಳಗನ್ನು ಹೊರಗೆ ಮಾಡಿ, ಕೆಳಗಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಚಪ್ಪಟೆ ಮಾಡಿದರೆ ಬದಿಯ ಹೊಲಿಗೆ ಬಂದು ತಳದ ಹೊಲಿಗೆಯ ಮೇಲೆ ಕೂರುತ್ತದೆ, ಮೂಲೆ ತ್ರಿಕೋನವಾಗುತ್ತದೆ. ಆ ತ್ರಿಕೋನಕ್ಕೆ ಅಡ್ಡಲಾಗಿ ಒಂದು ಹೊಲಿಗೆ. ತುದಿಯ ಹತ್ತಿರ ಹಾಕಿದರೆ ತಳ ಸಣ್ಣದು, ಮೇಲೆ ಸರಿದಷ್ಟೂ ದೊಡ್ಡದು. ಆ ಅಡ್ಡ ಹೊಲಿಗೆಯ ಉದ್ದವೇ ತಳದ ಅಗಲ. ಇನ್ನೊಂದು ಮೂಲೆಗೂ ಹಾಗೇ ಮಾಡಿ ತಿರುವಿ ನೆಲದ ಮೇಲಿಟ್ಟರೆ ಚೀಲ ತಾನಾಗಿ ನಿಲ್ಲುತ್ತದೆ. ಇನ್ನು ಹಿಡಿಕೆ. ಅಂಗಡಿಯ ಚೀಲಗಳಲ್ಲಿ ಹಿಡಿಕೆಯನ್ನು ಬಾಯಿಯ ಅಂಚಿಗೆ ಮಾತ್ರ ಹೊಲಿದಿರುತ್ತಾರೆ, ಭಾರವೆಲ್ಲ ಒಂದಂಗುಲ ದಾರದ ಮೇಲೆ. ನಾನು ನವಾರ ಪಟ್ಟಿಯನ್ನು ಒಂದು ಬದಿಯಿಂದ ತಳದ ಅಡಿಯಲ್ಲಿ ಹಾಯಿಸಿ ಇನ್ನೊಂದು ಬದಿಗೆ ತರುತ್ತೇನೆ. ಆಗ ಸಾಮಾನು ಕೂರುವುದು ಪಟ್ಟಿಯ ಮೇಲೆ, ಹೊಲಿಗೆಯ ಕೆಲಸ ಪಟ್ಟಿ ಸರಿಯದಂತೆ ಹಿಡಿಯುವುದಷ್ಟೆ. ಬಾಯಿಯ ಹತ್ತಿರ ಒಂದು ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಇಷ್ಟು ಮಾಡಿದ ಚೀಲದಲ್ಲಿ ಬೆಲ್ಲವನ್ನಲ್ಲ, ಕಲ್ಲನ್ನೇ ಹೊರಬಹುದು.

ಇದನ್ನು ಯಾವ ಕ್ಲಾಸಿನಲ್ಲೂ ಕಲಿಯಲಿಲ್ಲ. ನಮ್ಮ ಮನೆಯಲ್ಲಿ ರಜೆ ಬಂತೆಂದರೆ ಮೊದಲು ಹೊರಗೆ ಬರುತ್ತಿದ್ದದ್ದು ಹೋಲ್ಡಾಲು. ಹಸಿರು ಕ್ಯಾನ್ವಾಸು, ಚರ್ಮದ ಎರಡು ಪಟ್ಟಿ, ಎರಡೂ ತುದಿಗೆ ದೊಡ್ಡ ಜೇಬು. ಹಾಸಿಗೆ, ಹೊದಿಕೆ, ಮನೆಮಂದಿಯ ಬಟ್ಟೆ ಎಲ್ಲ ಸೇರಿಸಿ ಸುತ್ತಿ, ಅಪ್ಪ ಮೇಲೆ ಕೂತು ಬಕಲು ಬಿಗಿಯುತ್ತಿದ್ದರು. ರೈಲಿನ ಬರ್ತು ಆಗ ಬರಿಯ ಮರ. ಹಾಸಿಗೆ ಒಯ್ಯದಿದ್ದರೆ ರಾತ್ರಿಯಿಡೀ ಬೆನ್ನು ನೋವು. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ ಎರಡನೇ ದರ್ಜೆಯ ಬರ್ತುಗಳಿಗೆ ಎರಡು ಅಂಗುಲದ ಫೋಮು ಹಾಕಿಸಲು ಶುರುಮಾಡಿದರು. ತುರ್ತುಪರಿಸ್ಥಿತಿಯಲ್ಲಿ ನಮ್ಮ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲೇ, ಈಗಿನ ಫ್ರೀಡಂ ಪಾರ್ಕಿನ ಜಾಗದಲ್ಲಿ, ಸೆರೆಯಿದ್ದವರು ಅವರು. ಬಡವರ ಬೆನ್ನಿನ ಬಗ್ಗೆ ಯೋಚಿಸಿದ ಆ ಮಂತ್ರಿಯನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಹೋಲ್ಡಾಲಿನ ಕಾಲ ಮುಗಿಯುವುದಕ್ಕೆ ಆ ಎರಡು ಅಂಗುಲವೂ ಒಂದು ಕಾರಣ.

ಹೋಲ್ಡಾಲಿನ ಜೊತೆಗೆ ಅಮ್ಮ ಹೊಲಿದ ಚೀಲಗಳು ಹೋಗುತ್ತಿದ್ದವು, ಖಾಲಿಯಾಗಿ, ಮಡಚಿಕೊಂಡು. ಅಪ್ಪನ ಹಳೆಯ ಟೆರಿಕಾಟ್ ಪ್ಯಾಂಟಿನವು. ಪ್ಯಾಂಟಿನ ಕಾಲಿಗೆ ಎರಡು ಬದಿ ಹೊಲಿಗೆ ಇದ್ದೇ ಇರುತ್ತದೆ. ಕತ್ತರಿಸಿ ತಳ ಮುಚ್ಚಿ ಬಾಯಿಗೆ ಲಾಡಿ ಪೋಣಿಸಿದರೆ ಉದ್ದನೆಯ ಚೀಲ ಸಿದ್ಧ. ಅದಕ್ಕೆ ಸರಿಯಾಗಿ ಕೂರುತ್ತಿದ್ದದ್ದು ಹಲಸಿನ ಹಪ್ಪಳ, ಒಂದರ ಮೇಲೊಂದು.

ಅಮ್ಮನ ತವರು ಶರಾವತಿ ಹಿನ್ನೀರಿನ ಆಚೆ, ತುಮರಿಯ ಕಡೆ. ಶಿವಮೊಗ್ಗದವರೆಗೆ ರೈಲು, ಸಾಗರಕ್ಕೆ ಬಸ್ಸು, ಇನ್ನೊಂದು ಬಸ್ಸಿನಲ್ಲಿ ಅಂಬಾರಗೊಡ್ಲು, ಅಲ್ಲಿ ಲಾಂಚಿಗೆ ಕಾಯುವುದು. ಆಚೆ ದಡ ಕಳಸವಳ್ಳಿ. ಅಲ್ಲಿಂದ ಮುಂದೆ ಮನೆ ಮುಟ್ಟುವವರೆಗೆ ಕಾಲುದಾರಿ, ತೋಟ, ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರದ ಸಂಕ. 1972ರಲ್ಲಿ ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬಾತ ಗಾಲಿಯ ಸೂಟ್‌ಕೇಸಿಗೆ ಪೇಟೆಂಟ್ ಪಡೆದ. ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ಅದು ದೊಡ್ಡ ಉಪಕಾರ. ಸಂಕದ ಮೇಲೆ ಗಾಲಿ ಏನು ಮಾಡೀತು? ಅಲ್ಲಿ ಎರಡು ಕೈಯೂ ಬಿಡುವಾಗಿರಬೇಕು, ಚೀಲ ಹೆಗಲಿಗೆ ಅಂಟಿಕೊಂಡಿರಬೇಕು. ಆದ್ದರಿಂದ ನಾನು ಹೊಲಿಯುವ ಪ್ರತಿಯೊಂದು ದೊಡ್ಡ ಚೀಲಕ್ಕೂ, ಕೇಳಲಿ ಬಿಡಲಿ, ಒಂದು ಉದ್ದದ ಹೆಗಲ ಪಟ್ಟಿ ಇದ್ದೇ ಇರುತ್ತದೆ.

ಅಮ್ಮಮ್ಮನಿಗೆ ಸಾಮಾನು ಕಟ್ಟುವುದು ಬೇರೆಯೇ ಒಂದು ಅನುಭವದಿಂದ ಬಂದದ್ದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹೊಳೆಯ ಹತ್ತಿರ ಇದ್ದ ಅವರ ಹಳೆಯ ಮನೆ, ಗದ್ದೆ, ತೋಟ ಎಲ್ಲ ನೀರಿನಡಿ ಹೋಯಿತು. ಮನೆಯನ್ನೇ ಗೋಣಿಚೀಲಗಳಲ್ಲಿ ತುಂಬಿ, ದಬ್ಬಳ ಸುತಳಿ ಹಿಡಿದು ಒಂದೊಂದರ ಬಾಯಿಯನ್ನೂ ಹೊಲಿದು, ಗುಡ್ಡದ ಮೇಲಿನ ಜಾಗಕ್ಕೆ ಹೊರಿಸಿದವಳು ಅವಳು. ಏನು ಒಯ್ಯಬೇಕು, ಏನು ಬಿಡಬೇಕು ಎಂದು ಅಷ್ಟು ಗಟ್ಟಿಯಾಗಿ ನಿರ್ಧರಿಸಬೇಕಾಗಿ ಬಂದವಳಿಗೆ ನಮ್ಮ ರಜೆಯ ಚೀಲ ಯಾವ ಲೆಕ್ಕ? ಆದರೂ ನಾವು ಹೊರಡುವ ಹಿಂದಿನ ರಾತ್ರಿ ಅವಳು ಅದೇ ಗಮನ ಕೊಟ್ಟು ಕೂರುತ್ತಿದ್ದಳು. ಭಾರದ್ದು ಕೆಳಗೆ, ಮುರಿಯುವುದು ಮಧ್ಯಕ್ಕೆ, ಸುತ್ತ ಬಟ್ಟೆ. ತುಂಬಿ ಆದ ಮೇಲೆ, "ಎಂತ ಕೂಸೆ, ಇಷ್ಟೇಯಾ ಚೀಲ ತಂದಿದ್ದು?" ಎನ್ನುವಳು. ಎಷ್ಟು ಚೀಲ ಒಯ್ದಿದ್ದರೂ ಅದೇ ಮಾತು. ಕೊನೆಗೆ ದಬ್ಬಳದಲ್ಲಿ ಬಾಯಿಗೆ ಹೊಲಿಗೆ. ನೀರು ಇಳಿದ ಬೇಸಗೆಗಳಲ್ಲಿ ಮಡೆನೂರಿನ ಹಳೆಯ ಅಣೆಕಟ್ಟೆ ಹಿನ್ನೀರಿನಿಂದ ಎದ್ದು ಕಾಣುತ್ತಿತ್ತು. ಮುಳುಗಿದ ಇನ್ನೊಂದು ಅಣೆಕಟ್ಟು ಅದು. ಅವಳು ಅತ್ತ ನೋಡಿದ್ದು ನನಗೆ ನೆನಪಿಲ್ಲ.

ಕಳೆದ ದಸರೆಗೆ ಆ ಹಳೆಯ ರಜೆಯನ್ನು ಇನ್ನೊಮ್ಮೆ ಮಾಡೋಣ ಎಂದು ಹೊರಟೆವು: ಮೈಸೂರಿನಿಂದ ತಂಗಿ, ಹುಬ್ಬಳ್ಳಿಯಿಂದ ದೊಡ್ಡಮ್ಮನ ಮಗ, ನಾನು. ಮೂವರಿಗೂ ನಾನೇ ಚೀಲ ಹೊಲಿದೆ. ಹೊರಗಿನ ಬಟ್ಟೆ ಚರಕದ ಕೈಮಗ್ಗದ್ದು. ಸಾಗರದ ಹತ್ತಿರ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಕಟ್ಟಿಕೊಂಡ ಸಹಕಾರ ಸಂಘ ಅದು. ನೂಲಿಗೆ ಗಿಡಮೂಲದ ಬಣ್ಣವನ್ನೇ ಹಾಕುತ್ತಾರೆ, ಅದರಲ್ಲೊಂದು ಅಡಿಕೆಯ ಚೊಗರು. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕಡುಕೆಂಪು ನೀರೇ ಚೊಗರು. ನಮಗೆ ಚಿಕ್ಕಂದಿನಲ್ಲಿ ಅದು ಅಂಗಿಗೆ ತಾಗಿದರೆ ಬೈಸಿಕೊಳ್ಳುವ ಕಲೆ, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಹೋಗದಿರುವುದೇ ಅದರ ಗುಣ ಎಂದು ಕಂಡು ಅದನ್ನು ಬಣ್ಣ ಮಾಡಿದವರ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಬಟ್ಟೆ ತೆಳು, ಹಿಂದೆ ಕ್ಯಾನ್ವಾಸು ಕೊಡಬೇಕಾಯಿತು. ಒಳಗಿನ ಲೈನಿಂಗಿಗೆ ಅಮ್ಮನ ಹತ್ತಿ ಸೀರೆ.

ಅಳತೆಗಾಗಿ ಊರಿಗೆ ಫೋನು ಮಾಡಿದೆ. ಮಾವನ ಮಗನ ಹೆಂಡತಿ, ನಮಗೆ ಅತ್ತಿಗೆ, ಉಪ್ಪಿನಕಾಯಿಯ ಸಣ್ಣ ಭರಣಿಗೆ ಟೇಪು ಹಿಡಿದು ಎತ್ತರ ಹನ್ನೊಂದು ಅಂಗುಲ, ಹೊಟ್ಟೆ ಆರೂವರೆ ಎಂದರು. "ನೀನು ಹೊಲೀತಾ ಇರೋದು ಚೀಲಾನಾ, ಭರಣಿಗೆ ಅಂಗೀನಾ?" ಎಂದು ನಕ್ಕರು. ಎರಡೂ ಹೌದು. ಏಳಂಗುಲದ ತಳ ಕೊಟ್ಟು, ಒಂದು ಬದಿಗೆ ರೆಕ್ಸಿನ್ನಿನ ಒಳಪದರ ಇಟ್ಟು ಭರಣಿ ಅಲುಗದ ಹಾಗೆ ಒಂದು ಕೋಣೆ ಮಾಡಿದೆ. ಮೇಲೆ ಎರಡು ಅಂಗುಲ ಬಿಟ್ಟೆ, ಬಾಯಿಗೆ ಬಟ್ಟೆ ಕಟ್ಟಿ ಗಂಟು ಹಾಕಬೇಕಲ್ಲ.

ಮೆಜೆಸ್ಟಿಕ್ಕಿನಲ್ಲಿ ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಬೆಳಗ್ಗೆ ಸಾಗರದಲ್ಲಿ ಇಳಿಯಬಹುದು. ಆ ಹಳಿ ನಮ್ಮ ಕಾಲದಲ್ಲಿ ಮೀಟರ್ ಗೇಜು. ತಾಳಗುಪ್ಪದವರೆಗೂ ಬ್ರಾಡ್ ಗೇಜು ಆದದ್ದು 2011ರಲ್ಲಿ. ಬಸ್ಸು ಅಂಬಾರಗೊಡ್ಲಿನಲ್ಲಿ ನಿಲ್ಲದೆ ನೇರ ನೀರಿನ ಮೇಲೆ ಹೋಯಿತು. 2025ರ ಜುಲೈ 14ರಂದು ತೆರೆದ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ. ತಂಗಿ, "ಅಯ್ಯೋ, ಲಾಂಚೇ ಇಲ್ವಲ್ಲೇ" ಎಂದಳು. ಅವಳ ಬೇಸರ ನನಗೆ ಅರ್ಥವಾಗುತ್ತದೆ: ಬಸ್ಸು ತುಸುತುಸುವೇ ಲಾಂಚಿನ ಮೇಲೇರುವುದು, ಎಂಜಿನ್ನಿನ ಸದ್ದು, ಕಟಕಟೆ ಹಿಡಿದು ನಿಲ್ಲುವುದು, ರಜೆ ಶುರುವಾಗುತ್ತಿದ್ದದ್ದೇ ಅಲ್ಲಿ. ಆದರೆ ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದ ಹೆಂಗಸನ್ನು ಹೇಗೆ ಸಾಗಿಸುತ್ತಿದ್ದರು? ನಾಡಿಗೆಲ್ಲ ದೀಪ ಕೊಟ್ಟ ಅಣೆಕಟ್ಟಿಗಾಗಿ ದ್ವೀಪವಾದವರು ಒಂದು ಸೇತುವೆಗೆ ಅರವತ್ತು ವರ್ಷ ಕಾದರು. ವರ್ಷಕ್ಕೊಮ್ಮೆ ಬಂದು ಹೋಗುವ ನಮ್ಮ ನೆನಪಿನ ಸೊಗಸಿಗಾಗಿ ಅವರು ಇನ್ನಷ್ಟು ಕಾಯಬೇಕಿತ್ತು ಎನ್ನುವ ಹಕ್ಕು ನಮಗಿಲ್ಲ. ಹಾಗೆಂದು ತಂಗಿಗೆ ಬಸ್ಸಿನಲ್ಲೇ ಹೇಳಿದೆ, ಅವಳೂ ಒಪ್ಪಿದಳು. ಆಮೇಲೆ ಇಬ್ಬರೂ ಕಿಟಕಿಗೆ ಮುಖ ಕೊಟ್ಟು ತುಂಬಿದ ನೀರನ್ನು ಕಣ್ಣು ದಣಿಯುವಷ್ಟು ನೋಡಿದೆವು.

ಮನೆ ಬದಲಾಗಿದೆ. ನಾಳಿಗೆ ಹಂಚಿನ ಜಾಗದಲ್ಲಿ ತಾರಸಿ, ಅಂಗಳಕ್ಕೆ ಸಿಮೆಂಟು. ತೋಟದಲ್ಲಿ ಎಲೆಚುಕ್ಕೆ ರೋಗ ಹಬ್ಬಿ ಹೆಡೆಗಳು ಕೆಂಪಾಗಿ ಒಣಗುತ್ತಿವೆ, ಜೊತೆಗೆ ಮಳೆಗಾಲದ ಕೊಳೆ. ಮಾವನ ಮಗ ತೋಟ ತೋರಿಸುತ್ತ ಹೆಚ್ಚು ಮಾತಾಡಲಿಲ್ಲ. ಆ ಮನೆಯಿಂದ ಇನ್ನೂ ಏನಾದರೂ ತರಲು ಹೋಗುವುದು ಸರಿಯೇ ಎಂದು ನನ್ನ ಮನಸ್ಸು ಹಿಂಜರಿಯಿತು. ಬಿಡುವವರು ಅವರಲ್ಲ. ಹೊರಡುವ ಹಿಂದಿನ ರಾತ್ರಿ ಅತ್ತಿಗೆ ಮೂರೂ ಚೀಲವನ್ನು ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿದರು. ಜೋನಿಬೆಲ್ಲದ ಡಬ್ಬ, ಮುರುಗಲು, ಕಾಳುಮೆಣಸು, ಜೀರಿಗೆ ಮೆಣಸು, ಬೇಸಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ. ಕೊನೆಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ.

ಅಪ್ಪೆಮಿಡಿ ಹೊಳೆಸಾಲಿನ ಮರ. ನೀರು ನಿಂತಾಗ ಮನೆಗಳ ಜೊತೆ ಎಷ್ಟೋ ಮರಗಳೂ ಮುಳುಗಿದವು. ಉಳಿದ ಮರ ಯಾರದ್ದು, ಎಲ್ಲಿದೆ ಎಂದು ಅಲ್ಲಿನವರಿಗೆ ಬಾಯಿಪಾಠ. ಶಿವರಾತ್ರಿಯ ಆಸುಪಾಸಿನಲ್ಲಿ ಮರ ಹತ್ತಿ ಮಿಡಿಯನ್ನು ತೊಟ್ಟಿನ ಸಮೇತ ಗೊಂಚಲಾಗಿ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಭರಣಿಗೆ ಬೇಡ, ಒಂದು ಕೊಳೆತರೆ ಎಲ್ಲ ಕೆಡುತ್ತದೆ. ಉಪ್ಪು ಹಾಕಿ ವಾರಗಟ್ಟಲೆ ಇಟ್ಟರೆ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದೆ. ಆ ಉಪ್ಪುನೀರಿನಲ್ಲೇ ಸಾಸಿವೆ, ಮೆಣಸು ರುಬ್ಬಿ ಸೇರಿಸುವುದು. ಎಣ್ಣೆ ಹಾಕುವುದಿಲ್ಲ, ಮಿಡಿಯ ಸೊನೆಯ ಪರಿಮಳವೇ ಅದರ ಸರ್ವಸ್ವ. ಅತ್ತಿಗೆ ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ನನ್ನ ಚೀಲದ ಆ ಕೋಣೆಯೊಳಗೆ ಇಳಿಬಿಟ್ಟರು. ಸುತ್ತ ಒಂದು ಬೆರಳಿನಷ್ಟೇ ಜಾಗ. ಅಲುಗಾಡಿಸಿ ನೋಡಿ, "ಅಡ್ಡಿಲ್ಲೆ" ಎಂದರು. ಇಷ್ಟು ಕಾಲದ ನನ್ನ ಹೊಲಿಗೆಗೆ ಸಿಕ್ಕ ಮಾತುಗಳಲ್ಲಿ ನಾನು ಎತ್ತಿಟ್ಟುಕೊಂಡದ್ದು ಅದನ್ನೇ.

ಊರು ಮೊದಲಿನ ಹಾಗೆ ಇಲ್ಲ ಎಂದು ದೂರುವವರು ಕೆರೆಯ ಸುತ್ತ ನಡೆಯುವಾಗ ಬಹಳ ಸಿಗುತ್ತಾರೆ. ಅವರಿಗೆಲ್ಲ ಖಾಲಿ ಚೀಲ ಹಿಡಿದು ಒಮ್ಮೆ ಹೋಗಿಬನ್ನಿ ಎನ್ನುತ್ತೇನೆ. ಬರಿಗೈಯಲ್ಲಿ ಹೋದರೆ ಕಣ್ಣಿಗೆ ಬೀಳುವುದು ಇಲ್ಲದ ಹಂಚು, ಇಲ್ಲದ ಲಾಂಚು, ಇಲ್ಲದ ಮನುಷ್ಯರು. ಚೀಲ ಇದ್ದರೆ ಯಾರೋ ಒಬ್ಬರು ಏನಾದರೂ ಹಾಕಲು ಬರುತ್ತಾರೆ, ಅವರ ಹತ್ತಿರ ಕೂತು ಮಾತಾಡಬೇಕಾಗುತ್ತದೆ. ನನ್ನ ಮಟ್ಟಿಗೆ ರಜೆ ಎಂದರೆ ಆ ಮಾತು.

ಈಗ ಮೆಷಿನ್ನಿನ ಮೇಲಿರುವುದು ಅತ್ತಿಗೆಯ ಚೀಲ. ಜನವರಿಯಲ್ಲಿ ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಬರುತ್ತಾರೆ, ನಮ್ಮಲ್ಲೇ ಉಳಿಯುತ್ತಾರೆ. ಅವರು ಇಲ್ಲಿಂದ ಊರಿಗೆ ಒಯ್ಯುವುದು ಗಿಡ, ಲಾಲ್‌ಬಾಗಿನ ಪಕ್ಕದ ಸಿದ್ಧಾಪುರದ ನರ್ಸರಿಗಳಿಂದ. ಗಿಡದ ಚೀಲವನ್ನು ನಾನು ಈವರೆಗೆ ಹೊಲಿದಿಲ್ಲ. ತಳಕ್ಕೆ ಟಾರ್ಪಾಲಿನ ಪದರ, ನೀರು ಇಳಿಯಲು ಹಿತ್ತಾಳೆಯ ಐಲೆಟ್ಟಿನ ನಾಲ್ಕು ತೂತು, ಕುಂಡ ವಾಲದಂತೆ ಒಳಗೆ ಅಡ್ಡಗೋಡೆ, ರಾತ್ರಿಯಿಡೀ ರೈಲಿನಲ್ಲಿ ಗಿಡ ಉಸಿರಾಡಲು ಮೇಲಿನ ಅರ್ಧಕ್ಕೆ ಸೊಳ್ಳೆಪರದೆಯ ಬಲೆ. ಗುಲಾಬಿ ಬೇಡ, ನಮ್ಮ ಮಳೆಗೆ ನಿಲ್ಲುವುದಿಲ್ಲ, ಆಂಥೂರಿಯಮ್ಮೇ ಆಗಲಿ ಎಂದು ನಿನ್ನೆ ಫೋನಿನಲ್ಲಿ ಹೇಳಿದರು. ಆಂಥೂರಿಯಮ್ಮಿನ ಎಲೆ ಅಗಲ. ಕತ್ತರಿಸುವ ಮೊದಲು ಎರಡೂ ಬದಿಗೆ ಎರಡೆರಡು ಅಂಗುಲ ಜಾಸ್ತಿ ಗುರುತು ಹಾಕಿದ್ದೇನೆ.